ಲೈಸೆನ್ಸ್ ಹೋದ ಆರು ತಿಂಗಳು

ಈ ಪುಟಗಳಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕುಡಿಯುವ ನೀರು, ಮಕ್ಕಳ ಲಸಿಕೆ ಎಲ್ಲವೂ ಬರುತ್ತವೆ. ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರ ಬಗ್ಗೆ ಬರೆಯುತ್ತೇನೆ ಎಂದಾಗ ಮಾತ್ರ "ಇದು ನಮ್ಮ ಮಂದಿ ಓದೂ ಪತ್ರಿಕೆ, ಇಲ್ಲಿ ಅದ್ಯಾಕ್ರಿ?" ಎಂಬ ಮಾತು ಬರುತ್ತದೆ. ಮದ್ಯ ಹರಾಮ್ ಎಂಬುದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಹರಾಮ್ ಎಂದು ಗೊತ್ತಿರುವುದೇ ಬೇರೆ, ಕುಡಿಯದೇ ಇರುವುದೇ ಬೇರೆ. ಗದಗ-ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಾಗಲಿ ನಮ್ಮ ಮೊಹಲ್ಲಾಗಳ ಎಷ್ಟೋ ಮನೆಗಳು ಸ್ಟೇರಿಂಗ್ ಮೇಲೆ ನಡೆಯುತ್ತವೆ. ಆಟೋ, ಟಂಟಂ, ಟಾಟಾ ಏಸ್, ಲಾರಿ, ಟ್ರ್ಯಾಕ್ಟರ್, ಹಣ್ಣು ಹೇರಿಕೊಂಡು ಊರೂರು ಸುತ್ತುವ ಗಾಡಿ. ಇಂಥ ಮನೆಯಲ್ಲಿ ಲೈಸೆನ್ಸ್ ಹೋಯಿತೆಂದರೆ ಒಲೆಗೇ ನೀರು ಬಿದ್ದಂತೆ. ನಾಚಿಕೆಯಿಂದ ಅದನ್ನು ಮುಚ್ಚಿಟ್ಟರೆ ಆಗುವ ನಷ್ಟ, ಲೈಸೆನ್ಸ್ ಹೋಗಿದ್ದರಿಂದ ಆದ ನಷ್ಟಕ್ಕಿಂತ ಬಹಳ ದೊಡ್ಡದು. ನಾನು ಇಲ್ಲಿ ಹೇಳಬೇಕಾಗಿರುವುದು ಇದನ್ನೇ.

ಮೊದಲು ಕಾನೂನು ಏನು ಹೇಳುತ್ತದೆ ಎಂಬುದನ್ನು ನೋಡೋಣ. ಮೋಟಾರು ವಾಹನ ಕಾಯ್ದೆ, 1988ರ 185ನೇ ಕಲಮಿನ ಪ್ರಕಾರ 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿ ಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದರೆ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಆರು ತಿಂಗಳವರೆಗೆ ಸಜೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮತ್ತೆ ಸಿಕ್ಕರೆ ಎರಡು ವರ್ಷದವರೆಗೆ ಸಜೆ ಅಥವಾ 15,000 ರೂಪಾಯಿ ದಂಡ ಅಥವಾ ಎರಡೂ. ಹೆಲ್ಮೆಟ್ ಇಲ್ಲದ್ದಕ್ಕೆ ರಸ್ತೆಯಲ್ಲೇ ಪಾವತಿ ಹರಿಸಿಕೊಂಡು ಹೋದಂತೆ ಇದನ್ನು ಮುಗಿಸಲು ಬರುವುದಿಲ್ಲ. ಈ ಕಲಮು ಪೊಲೀಸರ ಮಟ್ಟದಲ್ಲಿ ರಾಜಿಯಾಗುವಂಥದ್ದಲ್ಲ, ನ್ಯಾಯಾಲಯಕ್ಕೇ ಹೋಗಬೇಕು.

"ಕೋರ್ಟಿಗೆ ಹೋಗಿ ದಂಡಾ ಕಟ್ಟಿ ಬಂದೇವ್ರಿ, ಮುಗೀತು" ಎನ್ನುವವರೇ ಹೆಚ್ಚು. ಮುಗಿಯುವುದಿಲ್ಲ. ತಪ್ಪು ಒಪ್ಪಿಕೊಂಡು ದಂಡ ಕಟ್ಟಿದರೆ ಅದು ಶಿಕ್ಷೆಯಾದಂತೆಯೇ. ಮುಂದೆ ಸಿಕ್ಕರೆ ಅದು ಎರಡನೇ ಅಪರಾಧ. ಇದರ ಜೊತೆಗೆ ಲೈಸೆನ್ಸಿನ ವಿಷಯದಲ್ಲಿ ಎರಡು ಗಡಿಯಾರಗಳು ಬೇರೆ ಬೇರೆಯಾಗಿ ಓಡುತ್ತವೆ. ಒಂದು ನ್ಯಾಯಾಲಯದ್ದು. 20ನೇ ಕಲಮಿನ ಪ್ರಕಾರ 185ರಲ್ಲಿ ಶಿಕ್ಷೆಯಾದವನನ್ನು ಕನಿಷ್ಠ ಆರು ತಿಂಗಳು ಲೈಸೆನ್ಸ್ ಹೊಂದಲು ಅನರ್ಹನೆಂದು ನ್ಯಾಯಾಲಯ ಆದೇಶಿಸಬೇಕು. ಇನ್ನೊಂದು ಆರ್‌ಟಿಒದ್ದು. ಹಿಡಿದ ಪೊಲೀಸರು ಲೈಸೆನ್ಸನ್ನು ವಶಕ್ಕೆ ಪಡೆದು ಅಲ್ಲಿಗೆ ಕಳಿಸುತ್ತಾರೆ. ಅಲ್ಲಿ 19ನೇ ಕಲಮಿನಡಿ ನಿಮ್ಮ ಮಾತು ಕೇಳಿದ ನಂತರ ಮೊದಲ ಸಲಕ್ಕೆ ಮೂರು ತಿಂಗಳು ಅನರ್ಹಗೊಳಿಸಬಹುದು, ಎರಡನೇ ಸಲಕ್ಕೆ ಲೈಸೆನ್ಸನ್ನೇ ರದ್ದು ಮಾಡಬಹುದು. ಆರ್‌ಟಿಒ ನೋಟಿಸ್ ಬಂದಾಗ ಹೆದರಿ ಮನೆಯಲ್ಲಿ ಕೂರುವವರಿದ್ದಾರೆ. ಹಾಗೆ ಮಾಡಬಾರದು. ಹೋಗಿ ಹೇಳುವುದನ್ನು ಹೇಳಬೇಕು. ಆದೇಶ ಒಪ್ಪಿಗೆಯಾಗದಿದ್ದರೆ ಅದು ಕೈಸೇರಿದ 30 ದಿನಗಳೊಳಗೆ ಮೇಲ್ಮನವಿಗೆ ಅವಕಾಶವಿದೆ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: "ರಾತ್ರಿ ಬೇಡ, ಮೋಜಿಗೆ ಬೇಡ, ಬರೀ ದುಡಿಯಲಿಕ್ಕಷ್ಟೇ ಓಡಿಸಲು ಪರವಾನಗಿ ಸಿಗುತ್ತದೆಯೇ?" ಅಮೆರಿಕದ ಹಲವು ರಾಜ್ಯಗಳಲ್ಲಿ ಹೀಗೊಂದು ಏರ್ಪಾಡಿದೆ. ಕೆಲಸಕ್ಕೆ, ಆಸ್ಪತ್ರೆಗೆ, ಚಿಕಿತ್ಸೆಯ ತರಗತಿಗೆ ಮಾತ್ರ ಗಾಡಿ ಓಡಿಸಲು ಸೀಮಿತ ಲೈಸೆನ್ಸ್ ಕೊಡುತ್ತಾರೆ. ಎಷ್ಟೋ ಕಡೆ ಅದಕ್ಕಾಗಿ ಗಾಡಿಗೆ ಒಂದು ಯಂತ್ರ ಹಾಕಿಸಬೇಕು. ಚಾಲಕ ಅದರೊಳಗೆ ಊದಿ, ಉಸಿರಿನಲ್ಲಿ ಮದ್ಯ ಇಲ್ಲವೆಂದು ತೋರಿದರೆ ಮಾತ್ರ ಎಂಜಿನ್ ಚಾಲೂ ಆಗುತ್ತದೆ. ಜೊತೆಗೆ ವಿಮಾ ಕಂಪನಿಯು "ಇವನಿಗೆ ವಿಮೆ ಇದೆ" ಎಂದು ಸರ್ಕಾರಕ್ಕೆ ಪ್ರಮಾಣಪತ್ರ ಕಳಿಸಬೇಕು. ಅದಕ್ಕೆ ಪ್ರೀಮಿಯಂ ಏರುತ್ತದೆ.

ನಮ್ಮ ಕಾಯ್ದೆಯಲ್ಲಿ ಅಂಥ "ಕೆಲಸಕ್ಕಷ್ಟೇ" ಎಂಬ ಲೈಸೆನ್ಸ್ ಇಲ್ಲ. ಹಗಲು ಓಡಿಸು, ರಾತ್ರಿ ಬೇಡ ಎಂಬ ಆದೇಶವೂ ಇಲ್ಲ. ಕೊಡಿಸುತ್ತೇನೆಂದು ಯಾರಾದರೂ ದುಡ್ಡು ಕೇಳಿದರೆ ಅವನು ಮೋಸಗಾರ. ಆದರೆ ಕಾಯ್ದೆಯಲ್ಲಿ ಹೆಚ್ಚಿನವರು ಗಮನಿಸದ ಒಂದು ಸಣ್ಣ ಕಿಂಡಿ ಇದೆ. ನ್ಯಾಯಾಲಯವಾಗಲಿ ಆರ್‌ಟಿಒ ಆಗಲಿ ಅನರ್ಹತೆಯನ್ನು ಲೈಸೆನ್ಸಿನಲ್ಲಿರುವ ಎಲ್ಲ ಬಗೆಯ ವಾಹನಗಳಿಗೂ ಹಾಕಬಹುದು, ಅಥವಾ ಯಾವುದೋ ಒಂದು ಬಗೆಗೆ ಮಾತ್ರ ಹಾಕಬಹುದು. ಬೈಕ್ ಮೇಲೆ ಸಿಕ್ಕವನ ವಕೀಲರು, ಟ್ರ್ಯಾಕ್ಟರ್ ಓಡಿಸುವ ಹಕ್ಕು ಉಳಿಸಿಕೊಡಿ ಎಂದು ಕೇಳಿಕೊಳ್ಳಬಹುದು. ಕೊಡುವುದು ಬಿಡುವುದು ನ್ಯಾಯಾಧೀಶರಿಗೆ ಬಿಟ್ಟದ್ದು. ಅನರ್ಹತೆಯ ಆದೇಶವನ್ನು ಮೇಲಿನ ನ್ಯಾಯಾಲಯ ಬದಲಿಸಲೂಬಹುದು. ವಕೀಲರ ಫೀ ಕೊಡಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬೇಕು, 15100ಕ್ಕೆ ಫೋನ್ ಮಾಡಬಹುದು.

ಈ ಕಿಂಡಿಯ ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸಲಿಕ್ಕಿಲ್ಲ. ಹೊಲ ಹರಗುವ ಟ್ರ್ಯಾಕ್ಟರಿಗೆ ಇದನ್ನು ಕೇಳುವುದು ನ್ಯಾಯ. ಶಾಲೆಯ ಮಕ್ಕಳನ್ನು ತುಂಬಿಕೊಂಡು ಹೋಗುವ ಆಟೋಕ್ಕೆ, ಸಂತೆಯ ದಿನ ಹಿಂದೆ ಮುಂದೆ ಜನ ಜೋತುಬಿದ್ದ ಟಂಟಂಗೆ ಕೇಳುವುದು ನ್ಯಾಯವಲ್ಲ. "ನನ್ನ ಹೊಟ್ಟೆಪಾಡು" ಎಂಬ ಮಾತಿಗೆ ತೂಕವಿದೆ ನಿಜ, ಹಿಂದಿನ ಸೀಟಿನಲ್ಲಿ ಕೂತವರ ಜೀವಕ್ಕೆ ಅದಕ್ಕಿಂತ ಹೆಚ್ಚು ತೂಕವಿದೆ. ಅಮೆರಿಕದಂಥ ಸೀಮಿತ ಲೈಸೆನ್ಸ್ ಇಲ್ಲಿಗೂ ಬರಲಿ ಎನ್ನುವವರಿಗೆ ಇನ್ನೊಂದು ಮಾತು. ಅಲ್ಲಿ ಎಷ್ಟೋ ಊರುಗಳಲ್ಲಿ ಕಾರಿಲ್ಲದಿದ್ದರೆ ಅಂಗಡಿಗೂ ಹೋಗಲಾಗದು. ಇಲ್ಲಿ ಲಕ್ಷ್ಮೇಶ್ವರದಿಂದಲೂ ಮುಂಡರಗಿಯಿಂದಲೂ ಗದಗಿಗೆ ಸಾರಿಗೆ ಸಂಸ್ಥೆಯ ಬಸ್ಸುಗಳಿವೆ. 2023ರ ಜೂನ್‌ನಿಂದ ಹೆಂಡತಿಗೆ ಟಿಕೆಟ್ಟೂ ಇಲ್ಲ, ಗಂಡನದಷ್ಟೇ ಖರ್ಚು. ಊದಿದರೆ ಮಾತ್ರ ಚಾಲೂ ಆಗುವ ಯಂತ್ರವೂ, ಅದರ ಮೇಲೆ ಕಣ್ಣಿಡುವ ವ್ಯವಸ್ಥೆಯೂ ಬಂದ ದಿನ ಆ ಚರ್ಚೆ ಮಾಡೋಣ. ಅದಿಲ್ಲದೆ ಕಾಗದದ ಮೇಲೆ ಸೀಮಿತ ಲೈಸೆನ್ಸ್ ಕೊಟ್ಟರೆ ಅದು ಪೂರಾ ಲೈಸೆನ್ಸೇ ಆಗುತ್ತದೆ.

ಹಾಗಾದರೆ ಆ ಆರು ತಿಂಗಳಲ್ಲಿ ನಿಜವಾಗಿ ಆಗುವುದೇನು? ಗಾಡಿ ಮನೆ ಮುಂದೆ ನಿಂತಿದೆ. ಕಂತು ಕಟ್ಟಬೇಕು. ಮೂರು ವಾರ ಸುಮ್ಮನಿದ್ದು ನಾಲ್ಕನೇ ವಾರ "ಒಂದ ಟ್ರಿಪ್ ಹಾಕಿ ಬರ್ತೀನಿ" ಎಂದು ಹೊರಡುತ್ತಾನೆ. ಲೈಸೆನ್ಸ್ ಕಳೆದಿದೆ ಎಂದು ಬರೆದುಕೊಟ್ಟು ಡುಪ್ಲಿಕೇಟ್ ತೆಗೆಸುವ ಉಪಾಯ ಹೇಳಿಕೊಡುವವರೂ ಸಿಗುತ್ತಾರೆ. ಅದು ಇನ್ನೊಂದು ಅಪರಾಧ. ಅನರ್ಹನಾದ ಕಾಲದಲ್ಲಿ ಗಾಡಿ ಓಡಿಸಿದರೆ 182ನೇ ಕಲಮಿನಡಿ ಮೂರು ತಿಂಗಳವರೆಗೆ ಸಜೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಈ ದಂಡವನ್ನಾದರೂ ಹೇಗೋ ಕಟ್ಟಬಹುದು. ಮನೆ ಮುಳುಗುವುದು ವಿಮೆಯಲ್ಲಿ.

ವಿಮೆಯ ವಿಷಯವನ್ನು ಸ್ವಲ್ಪ ನಿಧಾನವಾಗಿ ಓದಿ. ನಾವು ಕಟ್ಟುವ ವಿಮೆಯಲ್ಲಿ ಮೂರು ಭಾಗಗಳಿರುತ್ತವೆ. ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಪೆಟ್ಟು, ಸಾವು, ನಷ್ಟಕ್ಕೆ ಥರ್ಡ್ ಪಾರ್ಟಿ ವಿಮೆ, ಇದು ಕಡ್ಡಾಯ. ನಮ್ಮ ಗಾಡಿಯ ಜಖಂಗೆ ಸ್ವಂತ ಹಾನಿಯ ವಿಮೆ. ಮಾಲೀಕನೇ ಓಡಿಸುವಾಗ ಸತ್ತರೆ ಅಥವಾ ಅಂಗವಿಕಲನಾದರೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ. ಚಾಲಕ ಕುಡಿದಿದ್ದರೆ ಕೊನೆಯ ಎರಡೂ ಸಿಗುವುದಿಲ್ಲ. ಪಾಲಿಸಿಯ ಹಿಂದಿನ ಸಣ್ಣ ಅಕ್ಷರಗಳಲ್ಲಿ ಅದು ಬರೆದೇ ಇರುತ್ತದೆ. ಲೈಸೆನ್ಸ್ ಅನರ್ಹವಾದ ಕಾಲದಲ್ಲಿ ಓಡಿಸಿದರೂ ಅದೇ ಗತಿ.

"ಊದಿಸಿ ನೋಡಿಲ್ಲ, ರಕ್ತ ತೆಗೆದಿಲ್ಲ, ಹಾಗಾಗಿ ಕುಡಿದಿದ್ದೆ ಎಂದು ಹೇಗೆ ಹೇಳುತ್ತಾರೆ?" ಎಂಬ ವಾದವೂ ನಿಲ್ಲುವುದಿಲ್ಲ. 2007ರ ಡಿಸೆಂಬರ್‌ನಲ್ಲಿ ದೆಹಲಿಯ ಇಂಡಿಯಾ ಗೇಟ್ ಬಳಿ ಒಂದು ಪೋರ್ಷೆ ಕಾರು ಅಪಘಾತಕ್ಕೀಡಾಗಿ ಸುಟ್ಟುಹೋಯಿತು. ಕಾರಿನ ಒಡೆತನದ ಪರ್ಲ್ ಬೆವರೇಜಸ್ ಕಂಪನಿ ವಿಮೆ ಕೇಳಿತು, ಇಫ್ಕೋ ಟೋಕಿಯೊ ಕೊಡಲಿಲ್ಲ. ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ವಿಮಾ ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು. ಉಸಿರಿನ ಪರೀಕ್ಷೆಯ ವರದಿ ಇಲ್ಲದಿದ್ದರೂ ಬಾಯಿಂದ ಬಂದ ವಾಸನೆ, ಅಪಘಾತವಾದ ರೀತಿ ಮುಂತಾದ ಸಂದರ್ಭಗಳನ್ನು ನೋಡಿ ಚಾಲಕ ಮದ್ಯದ ಪ್ರಭಾವದಲ್ಲಿದ್ದ ಎಂದು ತೀರ್ಮಾನಿಸಬಹುದು ಎಂಬುದು ಅದರ ಸಾರ. ಪೋರ್ಷೆಗೆ ಆದದ್ದು ಟಾಟಾ ಏಸ್‌ಗೆ ಆಗುವುದಿಲ್ಲ ಎಂದು ತಿಳಿಯಬೇಡಿ.

ಇನ್ನು ಥರ್ಡ್ ಪಾರ್ಟಿ. ಬಡವನ ಮನೆ ಮುಳುಗುವುದು ಇಲ್ಲೇ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ 150ನೇ ಕಲಮಿನಲ್ಲಿ, ಲೈಸೆನ್ಸ್ ಇಲ್ಲದ ಮತ್ತು ಅನರ್ಹಗೊಂಡ ಚಾಲಕರ ಜೊತೆಗೆ 185ರಲ್ಲಿ ಹೇಳಿದಂತೆ ಕುಡಿದು ಓಡಿಸಿದವರನ್ನೂ ಸೇರಿಸಲಾಗಿದೆ. ಅಂದರೆ ಇಂಥವನು ಓಡಿಸುತ್ತಿದ್ದ ಎಂದು ತೋರಿಸಿ ತನ್ನ ಹೊಣೆಯಿಂದ ಬಿಡಿಸಿಕೊಳ್ಳಲು ವಿಮಾ ಕಂಪನಿ ವಾದಿಸಬಹುದು. ಸತ್ತವರ ಮನೆಯವರು ಬರಿಗೈಯಲ್ಲಿ ಹೋಗಬಾರದೆಂದು ನ್ಯಾಯಮಂಡಳಿಗಳು ಇಂಥ ಪ್ರಕರಣಗಳಲ್ಲಿ ಮೊದಲು ಕಂಪನಿಯೇ ಪರಿಹಾರ ಕೊಡಲಿ, ಆಮೇಲೆ ಗಾಡಿಯ ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಎಂದು ಆದೇಶಿಸುವುದುಂಟು. 2004ರಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ದಾರಿ ಇದು. ನೊಂದವರಿಗೆ ಇದು ನ್ಯಾಯವೇ. ಆದರೆ ಆ ಕೊನೆಯ ಮಾತನ್ನು ಮತ್ತೊಮ್ಮೆ ಓದಿ: ವಸೂಲಿ ಮಾಲೀಕರಿಂದ.

ಮಾಲೀಕರು ಯಾರು? ನಮ್ಮಲ್ಲಿ ಎಷ್ಟೋ ಗಾಡಿಗಳ ಆರ್‌ಸಿ ಹೆಂಡತಿಯ ಹೆಸರಲ್ಲಿರುತ್ತದೆ, ಸಂಘದಿಂದ ಸಾಲ ತೆಗೆದವಳು ಅವಳಾದ್ದರಿಂದ. ಇಲ್ಲವೇ ಅಬ್ಬಾನ ಹೆಸರಲ್ಲಿ, ಅಣ್ಣನ ಹೆಸರಲ್ಲಿ. ಮಗನ ಲೈಸೆನ್ಸ್ ಅನರ್ಹವಾಗಿದೆ ಎಂದು ಗೊತ್ತಿದ್ದೂ ಕೀಲಿಕೈ ಕೊಟ್ಟ ಅಬ್ಬಾ ಕಾನೂನಿನ ಕಣ್ಣಿಗೆ ತಪ್ಪಿತಸ್ಥನೇ. ವಸೂಲಿಯ ನೋಟಿಸ್ ಬರುವುದು ಅವರ ಹೆಸರಿಗೆ. ಒಂದು ಜೀವಕ್ಕೆ ಕಟ್ಟುವ ಪರಿಹಾರ ಹತ್ತಾರು ಲಕ್ಷಕ್ಕೆ ಹೋಗಬಹುದು. ಆರು ತಿಂಗಳ ದುಡಿಮೆ ಉಳಿಸಲು ಹೋಗಿ ತಲೆಮಾರಿನ ಮನೆ, ಮೂರು ಗುಂಟೆ ಜಾಗ ಹರಾಜಿಗೆ ಬರುವುದು ಹೀಗೆ. ಅದಕ್ಕೇ ಮನೆಯ ಹೆಣ್ಣುಮಕ್ಕಳಿಗೆ ನಾನು ಹೇಳುವುದು: ಅವನು ಸಿಟ್ಟಾದರೂ ಆಗಲಿ, ಅನರ್ಹತೆ ಮುಗಿಯುವವರೆಗೆ ಕೀಲಿಕೈ ನಿಮ್ಮ ಹತ್ತಿರವೇ ಇರಲಿ.

ಪ್ರೀಮಿಯಂ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಕೇಸಾದವನಿಗೆ ಯಾರೂ ವಿಮೆ ಕೊಡುವುದಿಲ್ಲ ಎಂದುಕೊಂಡು ಕೆಲವರು ನವೀಕರಿಸುವುದನ್ನೇ ಬಿಡುತ್ತಾರೆ. ಹಾಗೇನಿಲ್ಲ. ಥರ್ಡ್ ಪಾರ್ಟಿ ದರವನ್ನು ನಿಗದಿ ಮಾಡುವುದು ಸರ್ಕಾರ, ಅದೂ ಗಾಡಿಯ ಬಗೆ ನೋಡಿ. ಚಾಲಕನ ಮೇಲೆ ಕೇಸಿದೆಯೇ ಎಂದು ನೋಡಿ ಅಲ್ಲ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ 75ರಿಂದ 150 ಸಿಸಿವರೆಗಿನ ಬೈಕಿಗೆ ವರ್ಷಕ್ಕೆ 714 ರೂಪಾಯಿ, ಮೇಲೆ ತೆರಿಗೆ. ಸಂಚಾರ ನಿಯಮ ಮುರಿದವರಿಗೆ ಪ್ರೀಮಿಯಂ ಏರಿಸಬೇಕು, ಅದರಲ್ಲೂ ಕುಡಿದು ಓಡಿಸಿದವರಿಗೆ ಎಲ್ಲಕ್ಕಿಂತ ಹೆಚ್ಚು ಎಂದು ವಿಮಾ ನಿಯಂತ್ರಣ ಪ್ರಾಧಿಕಾರದ ಕಾರ್ಯತಂಡವೊಂದು 2021ರಲ್ಲಿ ಶಿಫಾರಸು ಮಾಡಿತ್ತು. ಅಂಥದ್ದು ಮುಂದೆ ಬಂದರೆ ನನ್ನ ತಕರಾರಿಲ್ಲ. ಈಗಂತೂ ಗಾಡಿ ನಿಂತಿದ್ದರೂ ವಿಮೆ ತಪ್ಪಿಸಬೇಡಿ. ವಿಮೆ ಇಲ್ಲದೆ ರಸ್ತೆಗಿಳಿದರೆ ಮೊದಲ ಸಲಕ್ಕೇ 2,000 ರೂಪಾಯಿ ದಂಡ. ಅರ್ಜಿಯಲ್ಲಿ ಕೇಳಿದ್ದಕ್ಕೆ ಸುಳ್ಳು ಬರೆಯಬೇಡಿ, ಮುಂದೆ ಅದೇ ಸುಳ್ಳನ್ನು ಹಿಡಿದು ಹಣ ನಿರಾಕರಿಸುತ್ತಾರೆ. ನಿಂತ ಗಾಡಿಯನ್ನು ಸರಿಯಾದ ಲೈಸೆನ್ಸ್ ಇರುವ ಸಂಬಂಧಿಕನ ಕೈಗೆ ದಿನದ ಬಾಡಿಗೆಗೆ ಕೊಡುವುದಕ್ಕೆ ಅಡ್ಡಿಯಿಲ್ಲ. ಕಂತಾದರೂ ಹೋಗುತ್ತದೆ.

ಇಷ್ಟೆಲ್ಲ ಕಾನೂನು ಆರೋಗ್ಯದ ಪುಟದಲ್ಲಿ ಯಾಕೆ ಎಂದರೆ, ಸಿಕ್ಕಿಬಿದ್ದವರಲ್ಲಿ ಹಲವರು ತಾವು ಕುಡಿದಿಲ್ಲವೆಂದೇ ನಂಬಿರುತ್ತಾರೆ. "ಕುಡಿದದ್ದು ರಾತ್ರಿ, ಹಿಡಿದದ್ದು ಬೆಳಿಗ್ಗೆ." ಲೆಕ್ಕ ಹಾಕೋಣ. 180 ಮಿಲಿಯ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಶುದ್ಧ ಮದ್ಯಸಾರ ಸುಮಾರು 60 ಗ್ರಾಂ. 60 ಕೆಜಿ ತೂಕದ ಗಂಡಸಿನ ರಕ್ತದಲ್ಲಿ ಅದು 100 ಮಿಲಿಗೆ ಸುಮಾರು 150 ಮಿಲಿ ಗ್ರಾಂವರೆಗೆ ಏರಬಲ್ಲದು, ಅಂದರೆ ಮಿತಿಯ ಐದು ಪಟ್ಟು. ಯಕೃತ್ತು ಅದನ್ನು ಗಂಟೆಗೆ ಸುಮಾರು 15 ಮಿಲಿ ಗ್ರಾಂನಂತೆ ಇಳಿಸುತ್ತದೆ. 30ಕ್ಕೆ ಇಳಿಯಲು ಎಂಟು ಗಂಟೆ ಬೇಕು. ರಾತ್ರಿ 11ಕ್ಕೆ ಕುಡಿದವನು ಬೆಳಿಗ್ಗೆ 6ಕ್ಕೆ ಮುಂಡರಗಿಯಲ್ಲಿ ತರಕಾರಿ ಹೇರಿಕೊಂಡು ಗದಗ ಎಪಿಎಂಸಿಗೆ ಹೊರಟರೆ ಅವನಿನ್ನೂ ಕಾನೂನಿನ ಕಣ್ಣಿಗೆ ಕುಡಿದವನೇ. ಮಜ್ಜಿಗೆ, ನಿಂಬೆಹಣ್ಣು, ತಣ್ಣೀರ ಸ್ನಾನ, ಎಲೆ ಅಡಿಕೆ ಯಾವುದೂ ಈ ಗಡಿಯಾರವನ್ನು ಒಂದು ನಿಮಿಷವೂ ಮುಂದೆ ಓಡಿಸುವುದಿಲ್ಲ. ಊದಲು ಒಪ್ಪದಿದ್ದರೆ ಪಾರಾಗಬಹುದು ಎಂಬುದೂ ಸುಳ್ಳು, ನಿರಾಕರಣೆಯೇ ವಿರುದ್ಧ ಸಾಕ್ಷಿಯಾಗುತ್ತದೆ. ಬಾಟಲಿ ಮುಟ್ಟದೆ ಗಾಂಜಾ ಸೇದುವವರಿಗೂ, ನಶೆಗಾಗಿ ಮಾತ್ರೆ ನುಂಗುವವರಿಗೂ ಇದೇ 185ನೇ ಕಲಮಿದೆ.

ಇನ್ನೊಂದು ವಿಷಯ ನಮ್ಮ ಮನೆಗಳಿಗೇ ಸಂಬಂಧಿಸಿದ್ದು. ದಿನಾ ಕುಡಿಯುವವನು ಕೇಸಾದ ಆಘಾತಕ್ಕೋ, ರಂಜಾನ್ ಚಾಂದ್ ಕಂಡಿತೆಂದೋ ಒಮ್ಮೆಲೇ ಬಿಡುತ್ತಾನೆ. ಮನೆಯವರಿಗೆ ಸಂತೋಷ. ಮರುದಿನದಿಂದ ಕೈ ನಡುಗುತ್ತದೆ, ಬೆವರುತ್ತಾನೆ, ನಿದ್ದೆ ಇಲ್ಲ. ಎರಡು-ಮೂರನೇ ದಿನಕ್ಕೆ ಫಿಟ್ಸ್ ಬರಬಹುದು, ಇಲ್ಲದವರು ಕಂಡಂತೆ ಮಾತಾಡಬಹುದು. ಆಗ ಅದನ್ನು ಗಾಳಿ, ಸೋಂಕು ಎಂದು ತಿಳಿದು ತಾಯತ ಕಟ್ಟಿಸಲು ಓಡುತ್ತಾರೆ. ದುಆ ಮಾಡಿಸಿ, ಬೇಡ ಎನ್ನುವುದಿಲ್ಲ. ಆದರೆ ಮೊದಲು ಆಸ್ಪತ್ರೆಗೆ ಒಯ್ಯಿರಿ. ಅದು ಮದ್ಯ ಏಕಾಏಕಿ ನಿಂತದ್ದರಿಂದ ಮಿದುಳಿಗೆ ಬಂದ ತೊಂದರೆ, ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಅಪಾಯ. ಅದಕ್ಕೆ ಔಷಧವಿದೆ. ಗದಗದ ಜಿಮ್ಸ್ ಆಸ್ಪತ್ರೆಗೆ ಹೋಗಬಹುದು, ಧಾರವಾಡದ ಡಿಮ್ಹಾನ್ಸ್ ಇಂಥ ಚಿಕಿತ್ಸೆಗೇ ಇರುವ ಸಂಸ್ಥೆ. ಹೆಸರು ಹೇಳದೆ ಮಾತಾಡಬೇಕೆಂದರೆ ಟೆಲಿ-ಮಾನಸ್ ಸಹಾಯವಾಣಿ 14416 ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಜಮಾಅತ್‌ನ ಹಿರಿಯರಿಗೂ ಒಂದು ಮಾತಿದೆ. ಕೇಸಾದವನನ್ನು ಶುಕ್ರವಾರದ ಬಯಾನ್‌ನಲ್ಲಿ ಹೆಸರಿಲ್ಲದೆ, ಆದರೆ ಎಲ್ಲರಿಗೂ ತಿಳಿಯುವಂತೆ ಚುಚ್ಚುವುದರಿಂದ ಅವನು ಕುಡಿಯುವುದನ್ನು ಬಿಡುವುದಿಲ್ಲ, ಮಸೀದಿಗೆ ಬರುವುದನ್ನು ಬಿಡುತ್ತಾನೆ. ಆ ಆರು ತಿಂಗಳು ಅವನಿಗೆ ಸ್ಟೇರಿಂಗ್ ಇಲ್ಲದ ಒಂದು ಕೆಲಸ ಹುಡುಕಿಕೊಡಿ. ಹಣ್ಣಿನ ಅಂಗಡಿ, ಗ್ಯಾರೇಜು, ಎಪಿಎಂಸಿ ಹಮಾಲಿ, ಶಾದಿಮಹಲ್ ಕೆಲಸ, ಯಾವುದಾದರೂ ಸರಿ. ಬೈತುಲ್ ಮಾಲ್ ಇರುವ ಕಡೆ ಎರಡು-ಮೂರು ಕಂತುಗಳಿಗೆ ಬಡ್ಡಿಯಿಲ್ಲದ ಸಾಲ ಕೊಡಬಹುದು, ಚಿಕಿತ್ಸೆಗೆ ಹೋಗಿ ಬರುತ್ತಾನೆಂಬ ಷರತ್ತಿನ ಮೇಲೆ. "ಕುಡುಕನಿಗೆ ಜಮಾಅತ್ ದುಡ್ಡೇ?" ಎಂದು ಕೇಳುವವರಿರುತ್ತಾರೆ. ದುಡ್ಡು ಹೋಗುವುದು ಅವನ ಮಕ್ಕಳ ತಟ್ಟೆಗೆ. ಸಾಲಕ್ಕೆ ಸಹಿ ಹಾಕಿದ ಹೆಣ್ಣುಮಗಳು ಏನು ತಪ್ಪು ಮಾಡಿದ್ದಾಳೆ?

ಇನ್ನು ಲೈಸೆನ್ಸ್ ವಾಪಸು ಪಡೆಯುವ ದಾರಿ. ಆರ್‌ಟಿಒ ಆದೇಶದ ಅವಧಿ ಮುಗಿದ ಮಾತ್ರಕ್ಕೆ ಅದು ತಾನಾಗಿ ಕೈಗೆ ಬರುವುದಿಲ್ಲ. ಕಾಯ್ದೆಯ ಪ್ರಕಾರ ಚಾಲಕರ ಪುನಶ್ಚೇತನ ತರಬೇತಿ ಮುಗಿಸಬೇಕು, ಆಮೇಲಷ್ಟೇ ಹಿಂದಿರುಗಿಸುತ್ತಾರೆ. ಎಲ್ಲಿ, ಎಷ್ಟು ದಿನದ ತರಬೇತಿ ಎಂದು ಮೊದಲ ತಿಂಗಳಲ್ಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಟ್ಟುಕೊಂಡರೆ ಕೊನೆಗೆ ಓಡಾಟ ತಪ್ಪುತ್ತದೆ. ನ್ಯಾಯಾಲಯದ ಆದೇಶದ ಪ್ರತಿ, ದಂಡ ಕಟ್ಟಿದ ರಸೀದಿ, ಲೈಸೆನ್ಸ್ ಒಪ್ಪಿಸಿದ್ದಕ್ಕೆ ಸ್ವೀಕೃತಿ ಮೂರನ್ನೂ ಆರ್‌ಸಿ ಜೊತೆ ಒಂದೇ ಚೀಲದಲ್ಲಿ ಇಡಿ. ಎರಡೂ ಆದೇಶಗಳಿದ್ದರೆ ಅವೆರಡರ ಕೊನೆಯ ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಯಾವುದು ತಡವಾಗಿ ಮುಗಿಯುತ್ತದೆಯೋ ಅಲ್ಲಿಯವರೆಗೆ ಗಾಡಿ ಬಾಗಿಲಲ್ಲೇ ನಿಂತಿರಲಿ.